ಕಾರ್ಟೂನ್ ನೋಡಿ ಯಾಕೆ ಅಳ್ತೀಯಾ ಅಂದವರಿಗೆ

"ಅದು ಬರೀ ಕಾರ್ಟೂನ್ ಅಲ್ವಾ? ಅದನ್ನ ನೋಡಿ ಅಳ್ತೀಯಾ?"

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ.

ನೆಂಟರ ಮನೆಯ ಗೃಹಪ್ರವೇಶದಲ್ಲಿ ಊಟದ ಪಂಕ್ತಿಗೆ ಕಾಯುತ್ತಾ ಮೊಬೈಲಿನಲ್ಲಿ ನರುಟೊ ಅನ್ನುವ ಜಪಾನಿ ಕಾರ್ಟೂನ್ ನೋಡುತ್ತಿದ್ದೆ. ಕಣ್ಣು ತುಂಬಿತ್ತು. ಮಾವ ಒಬ್ಬರು ಬಗ್ಗಿ ನೋಡಿದರು. ನಾಲ್ಕು ಜನಕ್ಕೆ ಕೇಳುವ ಹಾಗೆ, "ಏನೋ ಇದು, ಮೂವತ್ತು ದಾಟಿದ ಮೇಲೂ ಕಾರ್ಟೂನಾ? ಅದಕ್ಕೆ ಅಳು ಬೇರೆ!" ಅಂದರು. ಎಲ್ಲರೂ ನಕ್ಕರು. ಆ 'ಬೇರೆ' ಇವತ್ತಿಗೂ ಚುಚ್ಚುತ್ತದೆ. ಬಯಲಾಟದಲ್ಲಿ ಕರ್ಣ ಸಾಯುವಾಗ ಇದೇ ಮಾವ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ನಾನು ಚಿಕ್ಕವನಾಗಿದ್ದಾಗ ನೋಡಿದ್ದೇನೆ. ಆಗ ಯಾರೂ ಅವರಿಗೆ "ಅದು ಬರೀ ಬಣ್ಣ ಹಚ್ಚಿದ ನಮ್ಮೂರ ಬಸಣ್ಣ" ಅಂತ ಹೇಳಲಿಲ್ಲ.

ಅವತ್ತು ನಾನು ನೋಡುತ್ತಿದ್ದದ್ದು ಏನು ಅಂತ ಹೇಳುತ್ತೇನೆ, ಕೇಳಿ. ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ ಬರೆದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ ಇದು. ನರುಟೊ ಅಪ್ಪ ಅಮ್ಮ ಇಲ್ಲದ ನಿಂಜಾ ಹುಡುಗ. ಅವನ ಗುರು ಜಿರಾಯಾ. ಅದರಿಂದ ಮಾಡಿದ ಅನಿಮೆಯ, ಅಂದರೆ ಕಾರ್ಟೂನ್ ಧಾರಾವಾಹಿಯ, ಎರಡನೇ ಭಾಗ ಶಿಪ್ಪುಡೆನ್‌ನ 133ನೇ ಕಂತಿನಲ್ಲಿ ಜಿರಾಯಾ ಸಾಯುತ್ತಾನೆ. ನಾನು ಅತ್ತದ್ದು ಅಲ್ಲಿ ಅಲ್ಲ. ಎಷ್ಟೋ ಕಂತು ಆದ ಮೇಲೆ ಸುದ್ದಿ ನರುಟೊಗೆ ಮುಟ್ಟುತ್ತದೆ. ಒಬ್ಬನನ್ನೇ ಯಾಕೆ ಕಳಿಸಿದೆ ಅಂತ ಊರಿನ ಮುಖ್ಯಸ್ಥೆಯ ಮೇಲೆ ರೇಗಿ ಎದ್ದು ಹೋಗುತ್ತಾನೆ. ರಾತ್ರಿ ಒಂದು ಬೆಂಚಿನ ಮೇಲೆ ಕೂತಿರುತ್ತಾನೆ. ಕೈಯಲ್ಲಿ ಎರಡು ಕಡ್ಡಿಯ ಐಸ್ ಕ್ಯಾಂಡಿ. ಹಿಂದೆ ಅಂಥದ್ದನ್ನೇ ಮುರಿದು ಜಿರಾಯಾ ಅವನಿಗೆ ಅರ್ಧ ಕೊಟ್ಟಿದ್ದ. ಈಗ ಅದು ಕರಗಿ ತೊಟ್ಟಿಕ್ಕುತ್ತಿದೆ. ಹುಡುಗ ತಿನ್ನುತ್ತಿಲ್ಲ.

ಅಷ್ಟೇ ದೃಶ್ಯ. ಮಾವ ಬಗ್ಗಿ ನೋಡಿದ್ದು ಅದನ್ನೇ.

ಅಪ್ಪ ಸತ್ತರೆ ಮಗನಿಗೆ ಒಂದು ಜಾಗ ಇರುತ್ತದೆ. ಸೂತಕ ಇದೆ, ತಲೆ ಬೋಳಿಸುವುದಿದೆ, ಹನ್ನೊಂದನೇ ದಿನ ಇದೆ. ಬಂದವರೆಲ್ಲ ಅವನ ಹೆಗಲ ಮೇಲೆ ಕೈ ಇಡುತ್ತಾರೆ. ಕೆಲಸ ಕಲಿಸಿದವರು ಸತ್ತರೆ ಶಿಷ್ಯ ಎಲ್ಲಿ ನಿಲ್ಲಬೇಕು? ನನಗೆ ಕೆಲಸ ಕಲಿಸಿದವರು ತೀರಿಕೊಂಡಾಗ ನಾನು ಗೇಟಿನ ಹತ್ತಿರ ನಿಂತಿದ್ದೆ. ಬಂದವರ ಚಪ್ಪಲಿ ಸರಿಸಿ ದಾರಿ ಮಾಡುತ್ತಿದ್ದೆ. "ನೀನು ಯಾರಪ್ಪ?" ಅಂತ ಯಾರೋ ಕೇಳಿದರು. "ಅಂಗಡಿ ಹುಡುಗ" ಅಂದೆ. ನನ್ನ ಹೆಗಲ ಮೇಲೆ ಯಾರೂ ಕೈ ಇಡಲಿಲ್ಲ. ಅವರದ್ದೇನೂ ತಪ್ಪಿಲ್ಲ. ಅದಕ್ಕೊಂದು ಪದ್ಧತಿಯೇ ನಮ್ಮಲ್ಲಿಲ್ಲ.

ಈ ಕಥೆ ಶಿಷ್ಯನ ದುಃಖಕ್ಕೆ ಕಂತುಗಟ್ಟಲೆ ಜಾಗ ಕೊಡುತ್ತದೆ. ಬೆಂಚಿನ ಹತ್ತಿರ ಶಾಲೆಯ ಮೇಷ್ಟ್ರು ಇರುಕಾ ಬಂದು ಪಕ್ಕದಲ್ಲಿ ಕೂರುತ್ತಾನೆ. ಜಿರಾಯಾ ನಿನ್ನನ್ನು ಮೊಮ್ಮಗನ ಹಾಗೆ ಹೊಗಳುತ್ತಿದ್ದರು ಅನ್ನುತ್ತಾನೆ. ಅದಕ್ಕೂ ಮೊದಲು ಶಿಕಾಮಾರು ಅನ್ನುವ ಹುಡುಗನ ಗುರು ಆಸುಮಾ ಸತ್ತಿರುತ್ತಾನೆ. ಇಬ್ಬರೂ ಶೋಗಿ ಆಡುತ್ತಿದ್ದವರು. ಶೋಗಿ ಅಂದರೆ ಜಪಾನಿನ ಚದುರಂಗ. ಶಿಕಾಮಾರು ಅಳುವುದಿಲ್ಲ. ಅವನಪ್ಪ ಎದುರಿಗೆ ಶೋಗಿ ಮಣೆ ಇಟ್ಟು ಕೂರುತ್ತಾನೆ, ಆಸುಮಾನ ಮಾತು ತೆಗೆದು ಮಗನನ್ನು ಕೆಣಕುತ್ತಾನೆ, ಮನಸ್ಸಲ್ಲಿರುವುದನ್ನೆಲ್ಲ ಹೊರಗೆ ಹಾಕು ಅಂತ ಎದ್ದು ಹೋಗುತ್ತಾನೆ. ಆಮೇಲೆ ಒಳಗಿಂದ ಹುಡುಗನ ಅಳು ಕೇಳಿಸುತ್ತದೆ. ಎದ್ದು ಹೋಗಬೇಕು ಅಂತ ಆ ಅಪ್ಪನಿಗೆ ಗೊತ್ತಿತ್ತು ನೋಡಿ. ನನಗೆ ಅದು ದೊಡ್ಡದು.

ಮುಂದೆ ನರುಟೊನ ಮನಸ್ಸು ಕುಸಿದಾಗ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವನು ಇದೇ ಶಿಕಾಮಾರು. ಅಲ್ಲಿ ಕುರೆನಾಯ್ ಇರುತ್ತಾಳೆ. ಆಸುಮಾನ ಮಗು ಅವಳ ಹೊಟ್ಟೆಯಲ್ಲಿದೆ. ಅದು ಹುಟ್ಟಿದ ಮೇಲೆ ಅದಕ್ಕೆ ಗುರು ನಾನೇ ಅನ್ನುತ್ತಾನೆ ಶಿಕಾಮಾರು. ಶೋಗಿಯಲ್ಲಿ ಕಾಯಬೇಕಾದ ರಾಜ ಯಾರು ಅಂತ ಆಸುಮಾ ಸಾಯುವಾಗ ಕಿವಿಯಲ್ಲಿ ಹೇಳಿ ಹೋಗಿದ್ದು ಅದನ್ನೇ: ಇನ್ನೂ ಹುಟ್ಟದಿರುವ ಮಕ್ಕಳು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ. ಸಾಯುವ ಮೊದಲು ಜಿರಾಯಾ ಒಂದು ಗುಪ್ತ ಸಂದೇಶ ಬಿಟ್ಟು ಹೋಗಿರುತ್ತಾನೆ. ಬರೀ ಅಂಕಿಗಳು. ಊರಿನ ಬುದ್ಧಿವಂತರೆಲ್ಲ ಕೂತರೂ ಬಿಡಿಸಲು ಆಗುವುದಿಲ್ಲ. ನರುಟೊ ಬಂದು ಒಮ್ಮೆ ನೋಡುತ್ತಾನೆ. ಮೊದಲನೆಯದು 9 ಅಲ್ಲ, 'ಟ' ಅನ್ನುವ ಜಪಾನಿ ಅಕ್ಷರ ಅನ್ನುತ್ತಾನೆ. ಗುರು ಬರೆದ ಕಾದಂಬರಿಯ ಹಸ್ತಪ್ರತಿ ತಿದ್ದಲು ಹಿಂದೆ ಕೂತಿದ್ದ ಹುಡುಗ ಅವನು. ಗುರುವಿನ ಬರವಣಿಗೆ ಹೇಗೆ ವಾಲುತ್ತದೆ ಅಂತ ಅವನಿಗೆ ಗೊತ್ತು. ಆ ಅಕ್ಷರದಿಂದ ಯಾವ ಪುಸ್ತಕ ಅಂತ ತಿಳಿಯುತ್ತದೆ, ಉಳಿದ ಅಂಕಿಗಳು ಅದರ ಪುಟಗಳು. ಅಲ್ಲಿ ಶಕ್ತಿ, ಮಂತ್ರ ಏನೂ ಕೆಲಸ ಮಾಡಲಿಲ್ಲ. ಪಕ್ಕದಲ್ಲಿ ಕೂತು ಕಳೆದ ದಿನಗಳು ಕೆಲಸ ಮಾಡಿದವು.

ನನಗೆ ಟೈಲರಿಂಗ್ ಕಲಿಸಿದವರನ್ನು ನಾವು ಮಾಸ್ಟರ್ ಅಂತಲೇ ಕರೆಯುತ್ತಿದ್ದೆವು. ಅವರು ತೀರಿಕೊಂಡ ವಾರ ಅಂಗಡಿಯಲ್ಲಿ ಹದಿನೇಳು ಬಟ್ಟೆ ಬಾಕಿ ಇದ್ದವು. ಅಳತೆ ಪುಸ್ತಕ ಇತ್ತು, ಓದುವವರಿರಲಿಲ್ಲ. ಅವರ 7 ಪಕ್ಕಾ 1ರ ಹಾಗೇ ಇರುತ್ತಿತ್ತು. ಸೊಂಟ 37 ಇದ್ದವರಿಗೆ 31 ಅಂತ ಕತ್ತರಿಸಿದರೆ ಪ್ಯಾಂಟ್ ಹೋಯಿತು. 1 ಬರೆಯುವಾಗ ಅವರು ಪೆನ್ಸಿಲ್ ಒತ್ತುತ್ತಿದ್ದರು, 7 ಬರೆಯುವಾಗ ಕೊನೆಗೆ ಕೈ ಸಡಿಲ ಬಿಡುತ್ತಿದ್ದರು. ಅದು ಮನೆಯವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹದಿನೇಳೂ ನಾನೇ ಹೊಲಿದು ಕೊಟ್ಟೆ. ಒಂದೂ ವಾಪಸ್ ಬರಲಿಲ್ಲ.

ಆದ್ದರಿಂದ ಮಾವಂದಿರೇ, ಕೇಳುವುದಾದರೆ ಯಾಕೆ ಅಳ್ತೀಯಾ ಅಂತ ಕೇಳಬೇಡಿ. ನಿನಗೆ ಯಾರು ಕಲಿಸಿದರು ಅಂತ ಕೇಳಿ. ಅವರ ಅಳತೆ ಪುಸ್ತಕ ಈಗ ಯಾರ ಹತ್ತಿರ ಇದೆ ಅಂತ ಕೇಳಿ. ಸಂಜೆ ಪೂರ್ತಿ ಕೂತು ಹೇಳುತ್ತೇನೆ.

ಪುಸ್ತಕ ನನ್ನ ಹತ್ತಿರ ಇದೆ. ಹಳೇ ಗಿರಾಕಿಗಳು ಬಂದಾಗ ಈಗಲೂ ತೆಗೆಯುತ್ತೇನೆ. ಕಾಜಾ ಕಲಿಯಲು ಸಂಜೆ ಹೊತ್ತು ಒಬ್ಬ ಹುಡುಗ ಬರುತ್ತಾನೆ. ಮೊನ್ನೆ ಅದನ್ನು ತಿರುವಿ ಹಾಕುತ್ತಾ ಒಂದು ಪುಟದಲ್ಲಿ ನಿಂತ.

"ಅಣ್ಣಾ, ಇದು 1 ಆ, 7 ಆ?"

"ಬೆರಳಿಟ್ಟು ನೋಡು, ಹಾಳೆ ಒತ್ತಿದೆಯಾ?" ಅಂದೆ.