ಇನ್ನೂರು ಕಿಲೋಮೀಟರ್ ಓಡಿಸಿ ತಾ

"ಏನು ತೊಂದರೆ ಕೊಡ್ತಾ ಇದೆ?" ಅಂತ ಕಾಕ ಕೇಳಿದರು.

"ಏನೂ ಇಲ್ಲ ಕಾಕ, ಹೊಸ ಸೈಕಲ್. ಶುಕ್ರವಾರ ಗೋಕರ್ಣಕ್ಕೆ ಹೊರಟಿದ್ದೇನೆ. ಒಂದ್ಸಲ ಫುಲ್ ಚೆಕ್ ಮಾಡಿಕೊಡಿ."

"ತೊಂದರೇನೇ ಇಲ್ಲ ಅಂದ್ರೆ ಏನಂತ ರಿಪೇರಿ ಮಾಡ್ಲಿ ಮೋನೇ (ಮಗನೇ)? ಇನ್ನೂರು ಕಿಲೋಮೀಟರ್ ಓಡಿಸಿ ತಾ. ಏನು ಬೇಕು ಅಂತ ಅದೇ ಹೇಳುತ್ತೆ."

ಕೊಡಗಿನ ವಿರಾಜಪೇಟೆಯ ಸೈಕಲ್ ಅಂಗಡಿಯೊಂದರಲ್ಲಿ, ರಿಪೇರಿ ಮಾಡುವ ಕಾಕನಿಗೂ ಒಬ್ಬ ಹುಡುಗನಿಗೂ ಈ ಬುಧವಾರ ಸಂಜೆ ನಡೆದ ಮಾತು ಇದು. ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ, ರಜೆಗೆ ಊರಿಗೆ ಬಂದಿದ್ದಾನೆ. ಸೈಕಲ್ ಆನ್‌ಲೈನಿನಲ್ಲಿ ತರಿಸಿದ್ದು, ಮುಂದಿನ ಚಕ್ರ, ಹ್ಯಾಂಡಲ್, ಸೀಟು, ಪೆಡಲ್ ಎಲ್ಲ ಮನೆಯಲ್ಲೇ ಕೂರಿಸಿಕೊಂಡಿದ್ದು. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಹಿಂದುಮುಂದಾಗಿರಲಿಲ್ಲ, ಅಷ್ಟು ಪುಣ್ಯ. ಡಬ್ಬದಿಂದ ತೆಗೆದು ಜೋಡಿಸಿದ ಎಷ್ಟೋ ಸೈಕಲ್ಲುಗಳಲ್ಲಿ ಅದೂ ಆಗಿರುತ್ತದೆ. ಜೊತೆಗಿದ್ದ ಗೆಳೆಯ ತಗ್ಗಿದ ದನಿಯಲ್ಲಿ "ಇವರಿಗೆ ಗೇರ್ ಸೈಕಲ್ ಗೊತ್ತಿಲ್ಲ ಅನ್ಸುತ್ತೆ ಕಣೋ" ಅಂದ. ಕಾಕನಿಗೆ ಅದು ಕೇಳಿಸಿತು. ಅವರು ಏನೂ ಹೇಳದೆ ಪೆಟ್ಟಿಗೆಯಿಂದ 8 ಎಂ.ಎಂ. ಅಲೆನ್ ಕೀ ತೆಗೆದು ಎಡಗಡೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಬೋಲ್ಟಿಗೆ ಹಾಕಿ ಒತ್ತಿದರು. ಅರ್ಧ ಸುತ್ತು ಬಂತು.

ಆ ಅರ್ಧ ಸುತ್ತು ನನ್ನ ಕಣ್ಣಿಂದ ಹೋಗುತ್ತಲೇ ಇಲ್ಲ. ಕ್ರ್ಯಾಂಕ್ ಅಲ್ಯೂಮಿನಿಯಂ, ಅದು ಕೂರುವ ಚೌಕದ ಅಚ್ಚು ಉಕ್ಕಿನದು. ಸಡಿಲವಾದ ಕ್ರ್ಯಾಂಕನ್ನು ತುಳಿಯುತ್ತಾ ಹೋದರೆ ಒಳಗಿನ ಚೌಕ ತೂತು ಸವೆದು ದುಂಡಗಾಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು. ಈ ಹುಡುಗನಿಗೆ ಅದು ಸುಳ್ಯದ ಆಚೆ ಎಲ್ಲೋ ಆಗುತ್ತಿತ್ತು.

ಹೊಸ ಸೈಕಲ್ಲಿನ ಮೊದಲ ಇನ್ನೂರು ಕಿಲೋಮೀಟರಿನಲ್ಲಿ ಆಗುವುದು ಇಷ್ಟು. ಗೇರಿನ ಕೇಬಲ್ಲು ಮತ್ತು ಅದರ ಹೊರಕವಚ ತಮ್ಮ ಜಾಗದಲ್ಲಿ ಇಳಿದು ಕೂರುತ್ತವೆ, ಎಳೆತ ಕಡಿಮೆಯಾಗಿ ಗೇರು ಬೀಳಲು ತಡಮಾಡುತ್ತದೆ, ಎರಡು ಗೇರಿನ ನಡುವೆ ಚೈನು ಕಟಕಟ ಅನ್ನುತ್ತದೆ. ಕೇಬಲ್ಲಿನ ತುದಿಯ ಅಡ್ಜಸ್ಟರನ್ನು ಕಾಲು ಸುತ್ತು ಹೊರಕ್ಕೆ ತಿರುಗಿಸಿದರೆ ಸರಿಹೋಗುತ್ತದೆ, ಆದರೆ ಕೇಬಲ್ ಇಳಿಯುವ ಮೊದಲೇ ತಿರುಗಿಸಿ ಪ್ರಯೋಜನವಿಲ್ಲ. ಕಡ್ಡಿಗಳು ಚಕ್ರದ ನಡುವಿನ ಹಬ್ಬಿನ ತೂತಿನಲ್ಲೂ ರಿಮ್ಮಿನ ನಿಪ್ಪಲ್ಲಿನಲ್ಲೂ ಕೂತು ಸಡಿಲವಾಗುತ್ತವೆ. ಪಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಬೆರಳಲ್ಲಿ ಹಿಂಡಿ ನೋಡಿದರೆ ಯಾವುದು ಮೆತ್ತಗಿದೆ ಅಂತ ಗೊತ್ತಾಗುತ್ತದೆ. ಹಿಂದಿನ ಚಕ್ರದಲ್ಲಿ ಚೈನಿನ ಕಡೆಯ ಕಡ್ಡಿಗಳ ಮೇಲೆ ಎಳೆತ ಹೆಚ್ಚು. ಅಲ್ಲೊಂದು ತುಂಡಾದರೆ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬಿಚ್ಚದೆ ಹೊಸದನ್ನು ಪೋಣಿಸಲು ಆಗುವುದಿಲ್ಲ, ಅದಕ್ಕೆ ಬೇಕಾದ ಟೂಲು ದಾರಿಬದಿಯ ಪಂಕ್ಚರ್ ಅಂಗಡಿಯಲ್ಲಿ ಇರುವುದಿಲ್ಲ. ಹ್ಯಾಂಡಲ್ ತಿರುಗುವ ಬೇರಿಂಗಿನಲ್ಲೂ ಆಟ ಬರುತ್ತದೆ: ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಇವು ಯಾವುವೂ ಅಂಗಡಿಯ ಸ್ಟ್ಯಾಂಡಿನ ಮೇಲೆ ಕಾಣುವುದಿಲ್ಲ. ಓಡಿಸಿದರೆ ಮಾತ್ರ. ಕಾಕ ಹೇಳಿದ್ದು ಅದನ್ನೇ.

ಜನರಿಗೆ 'ಫುಲ್ ಚೆಕ್' ಬೇಕು. ಅಂದರೆ ಇನ್ನೂ ಆಗದ ತೊಂದರೆಗೆ ಯಾರಾದರೂ ಜವಾಬ್ದಾರಿ ಹೊರಬೇಕು, ಬಿಲ್ಲು ಕೊಟ್ಟರೆ ಇನ್ನೂ ಒಳ್ಳೆಯದು. ಮನುಷ್ಯರ ದೇಹಕ್ಕೂ ಈಗ ಪ್ಯಾಕೇಜು ಬಂದಿದೆಯಲ್ಲ. ಕಾಕ ಹಾಗೆ ನೂರೈವತ್ತು ರೂಪಾಯಿ ಇಸಿದುಕೊಂಡು ಚೈನಿಗೆ ಎಣ್ಣೆ ಬಿಟ್ಟು ಕಳಿಸಬಹುದಿತ್ತು, ಹುಡುಗ ಖುಷಿಯಾಗಿಯೇ ಹೋಗುತ್ತಿದ್ದ.

ಇದೇ ಊರಿನ ಮನೆಗಳಲ್ಲಿ ಮಳೆ ಹಿಡಿದ ಮೇಲೆ ಸೌದೆ ಒಡೆಯಲು ಹೋಗುವವರು ಯಾರೂ ಇಲ್ಲ. ಬೇಸಿಗೆಯಲ್ಲೇ ಒಡೆದು, ಒಣಗಿಸಿ, ಅಟ್ಟಿ ಹಾಕಿ, ಆಮೇಲೆ ಜೂನ್ ಬರಲಿ ಅಂತ ಕೂರುತ್ತಾರೆ. ಅಂಥ ಮನೆಯ ಮಗ ಸೋಮವಾರ ಸೈಕಲ್ ಜೋಡಿಸಿ ಶುಕ್ರವಾರ ನಾನೂರು ಕಿಲೋಮೀಟರಿಗೆ ಹೊರಡುತ್ತಾನೆ. ನಿಧಾನಕ್ಕೆ ತಯಾರಾಗುವುದನ್ನು ಸೋಮಾರಿತನ ಅಂದುಕೊಂಡವರೇ ಹೆಚ್ಚು. ಎರಡು ರಾತ್ರಿ ನಿದ್ದೆಗೆಟ್ಟು ಮಾಡುವ ತಯಾರಿಗಿಂತ ಮೂರು ವಾರದಲ್ಲಿ ಅಲ್ಲೊಂದು ಇಲ್ಲೊಂದು ಗಂಟೆ ಕೊಡುವುದು ಮೈಗೂ ಸುಲಭ, ಸೈಕಲ್ಲಿಗೂ ಕ್ಷೇಮ.

ಮೊದಲ ವಾರ ಖಾಲಿ ಸೈಕಲ್. ಮೂರು ಸಲ, ಒಂದೊಂದು ಸಲ ಇಪ್ಪತ್ತು ಕಿಲೋಮೀಟರ್ ಸಾಕು, ಬೇತ್ರಿ ಸೇತುವೆಯ ಕಡೆಗೆ ಇಳಿದು ಹತ್ತಿ ಬಂದರೂ ಆಯಿತು. ಈ ವಾರದ ಕೆಲಸ ಸೀಟಿನ ಎತ್ತರ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಬಗ್ಗಿರಬೇಕು. ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂದೆ ಬಂದರೆ ಎತ್ತರ. ಒಂದು ಸಲಕ್ಕೆ ಐದು ಎಂ.ಎಂ.ಗಿಂತ ಹೆಚ್ಚು ಬದಲಿಸಬಾರದು, ಬದಲಿಸಿದ ಜಾಗಕ್ಕೆ ಟೇಪ್ ಸುತ್ತಿ ಗುರುತು ಮಾಡಬೇಕು. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಕೊಂಡವರು ಅದರೊಳಗೆ ಒಳಚಡ್ಡಿ ಹಾಕಬಾರದು. ಒಳಚಡ್ಡಿಯ ಹೊಲಿಗೆಯೇ ತೊಡೆಸಂದನ್ನು ಉಜ್ಜಿ ಗಾಯ ಮಾಡುವುದು. ಇದನ್ನು ಹೇಳಲು ಎಲ್ಲರಿಗೂ ಸಂಕೋಚ, ಅದಕ್ಕೇ ಎಲ್ಲರಿಗೂ ಗಾಯ.

ಎರಡನೇ ವಾರ ಏರು ಮತ್ತು ಬ್ರೇಕು. ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ಏರು ಇದಕ್ಕೆ ಒಳ್ಳೆಯ ಜಾಗ. ಹುಡುಗನ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೂ 28. ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದು ಸುತ್ತು, ಸುಮಾರು 2.15 ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಏಳೂಮುಕ್ಕಾಲು ಕಿಲೋಮೀಟರ್. ಕಡಿದಾದ ತಿರುವಿನಲ್ಲಿ ಹೊರೆ ಹೊತ್ತು ಆ ವೇಗ ಹಿಡಿಯಲು ಆಗದೆ ಸುತ್ತು ನಲವತ್ತಕ್ಕೆ ಇಳಿಯುತ್ತದೆ, ಆಗ ಪೆಟ್ಟು ಮಂಡಿಗೆ. ಹಿಂದೆ 34 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಅದೇ ಅರವತ್ತು ಸುತ್ತಿಗೆ ಆರೂಕಾಲು, ಆರೂವರೆ. ಖರ್ಚು ಹೆಚ್ಚಿಲ್ಲ. ಆದರೆ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲನ್ನು ತಾಳುತ್ತದೆಯೇ, ಚೈನಿನ ಉದ್ದ ಸಾಲುತ್ತದೆಯೇ ಎಂದು ಮೊದಲು ನೋಡಿಸಬೇಕು. ಚೈನು ಗಿಡ್ಡವಾದರೆ ಎರಡೂ ಕಡೆ ದೊಡ್ಡ ಹಲ್ಲುಚಕ್ರಕ್ಕೆ ಬಿದ್ದ ಗಳಿಗೆಯಲ್ಲಿ ಡಿರೇಲರ್ ಕಿತ್ತುಬರುತ್ತದೆ.

ಇಳಿಯುವಾಗ ಬ್ರೇಕ್ ಪಳಗಿಸುವುದು. ಹೊಸ ಡಿಸ್ಕ್ ಬ್ರೇಕಿನ ಪ್ಯಾಡಿಗೆ ಹಿಡಿತ ಬರಬೇಕಾದರೆ ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲವಾದರೂ ಸಮವಾಗಿ ಒತ್ತಿ ಇಳಿಸಬೇಕು, ಪೂರ್ತಿ ನಿಲ್ಲಿಸದೆ. ಇದನ್ನು ಮಾಡದವರು ಸೀದಾ ಮಡಿಕೇರಿ, ಸುಳ್ಯದ ನಡುವಿನ ಸಂಪಾಜೆ ಘಾಟಿಗೆ ಇಳಿದು "ಬ್ರೇಕ್ ಕಿರುಚುತ್ತೆ, ಹಿಡಿಯಲ್ಲ" ಅನ್ನುತ್ತಾರೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಸುಳ್ಯ ನೂರರ ಆಸುಪಾಸು. ಐವತ್ತು ಕಿಲೋಮೀಟರಿನಲ್ಲಿ ಸಾವಿರ ಮೀಟರ್ ಇಳಿತ. ಹೊರೆ ಸೇರಿ ತೊಂಬತ್ತು ಕೆ.ಜಿ. ಅಷ್ಟು ಇಳಿದ ಶಕ್ತಿ ಎಲ್ಲಾದರೂ ಹೋಗಬೇಕಲ್ಲ, ಗಾಳಿಗೆ ಹೋಗದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಉದ್ದಕ್ಕೂ ಸಣ್ಣಗೆ ಹಿಡಿದುಕೊಂಡೇ ಇಳಿದರೆ ತಣಿಯಲು ಸಮಯವೇ ಇಲ್ಲ. ತಿರುವಿನ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಬೇಕು. ನಡುವೆ ನಿಂತು ಆರಲು ಬಿಡಬೇಕು. ನಿಂತಾಗ ಡಿಸ್ಕ್ ಮುಟ್ಟಿ ನೋಡುವ ಚಪಲ ಬೇಡ.

ಕೇಬಲ್ ಡಿಸ್ಕ್ ಬ್ರೇಕಿನಲ್ಲಿ ಇನ್ನೊಂದು ಸಂಗತಿ ಇದೆ. ಬಹುಪಾಲು ಇಂಥ ಬ್ರೇಕುಗಳಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಒಳಗಿನದು ಕದಲುವುದಿಲ್ಲ. ಸವೆದ ಹಾಗೆ ಲಿವರ್ ಹಿಡಿಕೆಯ ಹತ್ತಿರ ಬರುತ್ತದೆ. ಎಲ್ಲರೂ ಕೇಬಲ್ ಬಿಗಿ ಮಾಡಿ ಸುಮ್ಮನಾಗುತ್ತಾರೆ. ಒಳಗಿನ ಪ್ಯಾಡನ್ನೂ ಅದರ ಸ್ಕ್ರೂ ತಿರುಗಿಸಿ ಡಿಸ್ಕಿನ ಹತ್ತಿರ ತರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಡಿಸ್ಕನ್ನು ಬಾಗಿಸಿಕೊಂಡೇ ಹಿಡಿಯುತ್ತದೆ. ಇನ್ನು ಸ್ಪ್ರೇ ಎಣ್ಣೆಯನ್ನು ಡಿಸ್ಕಿನ ಹತ್ತಿರ ತರಲೇಬಾರದು. ಪ್ಯಾಡ್ ಒಮ್ಮೆ ಎಣ್ಣೆ ಕುಡಿದರೆ ಮರಳುಕಾಗದದಲ್ಲಿ ಉಜ್ಜಿ ಉಳಿಸಿದವರು ಕಡಿಮೆ. ಚೈನಿಗೆ ಒಂದೊಂದು ಕೊಂಡಿಗೆ ಒಂದು ಹನಿ, ರಾತ್ರಿ ಬಿಟ್ಟು ಬೆಳಿಗ್ಗೆ ಹೊರಗಿನದನ್ನು ಪೂರ್ತಿ ಒರೆಸಬೇಕು. ಹೊಲಿಗೆ ಯಂತ್ರದ ಎಣ್ಣೆ ಒಂದು ಮಳೆಗೆ ತೊಳೆದುಹೋಗುತ್ತದೆ, ಬೈಕಿನ ಎಂಜಿನ್ ಆಯಿಲ್ ಧೂಳು ಹಿಡಿದು ಕರಿ ಅಂಟಾಗುತ್ತದೆ.

ಮೂರನೇ ವಾರ ಹೊರೆ. ಹಿಂದಿನ ಕ್ಯಾರಿಯರಿಗೆ ಎರಡು ಬದಿ ಚೀಲ, ಎಲ್ಲ ಸೇರಿ ಹತ್ತು ಕೆ.ಜಿ. ಒಳಗೆ. ಬೆನ್ನಿಗೆ ಚೀಲ ಬೇಡ. ನಿಜವಾದ ಸಾಮಾನು ಕಟ್ಟುವ ಮೊದಲು ಎರಡೂ ಕಡೆ ನಾಲ್ಕು ನಾಲ್ಕು ಕೆ.ಜಿ. ಅಕ್ಕಿ ಹಾಕಿಕೊಂಡು ಎರಡು ದಿನ ಸತತವಾಗಿ, ದಿನಕ್ಕೆ ಐವತ್ತು ಕಿಲೋಮೀಟರ್ ಹೋಗಬೇಕು. ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುವುದು ಇನ್ಯಾವ ರೀತಿಯಲ್ಲೂ ಗೊತ್ತಾಗುವುದಿಲ್ಲ. ಹಿಮ್ಮಡಿ ಚೀಲಕ್ಕೆ ತಾಗುತ್ತದೆಯೇ, ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುತ್ತದೆಯೇ, ಕ್ಯಾರಿಯರಿನ ಬೋಲ್ಟು ಸಡಿಲವಾಗುತ್ತದೆಯೇ, ಇವನ್ನೂ ಆಗಲೇ ನೋಡಬೇಕು. ಆ ಬೋಲ್ಟುಗಳು 5 ಎಂ.ಎಂ., ಅಲೆನ್ ಕೀ ಸಾಮಾನ್ಯವಾಗಿ 4. ನಟ್ಟು ಹಾಕುವ ಕಡೆ ಒಳಗೆ ನೈಲಾನ್ ಬಳೆ ಇರುವ ನಟ್ಟೇ ಹಾಕಿಸಬೇಕು. ಎರಡು ಬೋಲ್ಟು ಹೆಚ್ಚಿಗೆ ಜೇಬಿನಲ್ಲಿರಲಿ. ಮಳೆಗೆ ಚೀಲದೊಳಗೆ ತೊಳೆದ ಗೊಬ್ಬರದ ಚೀಲದ ಪ್ಲಾಸ್ಟಿಕ್ ಒಳಪದರ ಸಾಕು, ಯಾವ ಕಂಪನಿಯ ವಾಟರ್‌ಪ್ರೂಫಿಗೂ ಕಡಿಮೆಯಿಲ್ಲ.

ಗಾಳಿ: 35 ಎಂ.ಎಂ. ಟೈರಿಗೆ ಈ ತೂಕದಲ್ಲಿ ಹಿಂದೆ 60, ಮುಂದೆ 50 ಪಿ.ಎಸ್.ಐ. ಸುಮಾರು ಸರಿ. ಟೈರಿನ ಮೇಲೆ ಅಚ್ಚಾದ ಗರಿಷ್ಠ ಮಿತಿಯನ್ನು ನೋಡಿಕೊಳ್ಳಬೇಕು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ಗಾಳಿ ಕಡಿಮೆಯಿತ್ತು ಅಂತ ಅರ್ಥ. ತೂತು ರಿಮ್ಮಿನ ಕಡೆ ಇದ್ದರೆ ಒಳಗಿನ ರಿಬ್ಬನ್ ಸರಿದಿದೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಬೇಕು. ಹೆದ್ದಾರಿಯ ಅಂಚಿನಲ್ಲಿ ಮುಳ್ಳಿಗಿಂತ ಹೆಚ್ಚು ಕಾಟ ಕೊಡುವುದು ಸಿಡಿದ ಲಾರಿ ಟೈರಿನ ಕೂದಲಿನಂಥ ತಂತಿಚೂರು. ಟೈರಿನ ಒಳಗೆ ಬೆರಳಾಡಿಸಿ ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ. ಎರಡು ಟ್ಯೂಬ್, ಆರು ಪ್ಯಾಚ್, ಪಂಪು, ಲಿವರ್, ಮತ್ತು ಇನ್ನೂ ತೆರೆಯದ ಹೊಸ ಸಲ್ಯೂಷನ್ (ಪ್ಯಾಚ್ ಅಂಟು). ಒಮ್ಮೆ ತೆರೆದ ಸಲ್ಯೂಷನ್ ಟ್ಯೂಬು ಕೆಲವೇ ತಿಂಗಳಲ್ಲಿ ಒಣಗಿ ಕೂತಿರುತ್ತದೆ. ಹಚ್ಚಿದ ಮೇಲೆ ಐದು ನಿಮಿಷ ಆರಲು ಬಿಟ್ಟು ಅಂಟಿಸಬೇಕು, ಹಸಿಯಾಗಿರುವಾಗ ಅಂಟಿಸಿದ್ದು ಬಿಸಿಲಿಗೆ ಜಾರುತ್ತದೆ. ವಾಲ್ವ್ ತೆಳು ಜಾತಿಯದಾದರೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯಲು ಒಂದು ಹಿತ್ತಾಳೆ ಅಡಾಪ್ಟರ್. ಇವೆಲ್ಲದರ ಜೊತೆಗೆ ಆ ಸೈಕಲ್ಲಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು) ಒಂದು. ಬೇರೆ ಮಾಡೆಲಿನದು ಕೂರುವುದಿಲ್ಲ, ದಾರಿಯಲ್ಲಿ ಸಿಗುವುದೂ ಇಲ್ಲ.

ಹುಡುಗ ದಿನಕ್ಕೆ ನೂರಮೂವತ್ತು ಕಿಲೋಮೀಟರಿನಂತೆ ಮೂರು ದಿನ ಹಾಕಿಕೊಂಡಿದ್ದ. ಅದನ್ನು ಐದು ಮಾಡಬೇಕು: ಸುಳ್ಯ, ಮಂಗಳೂರು, ಕುಂದಾಪುರ, ಹೊನ್ನಾವರ, ಗೋಕರ್ಣ. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಉತ್ತರಕ್ಕೆ ಹೋಗುವವರಿಗೆ ಅದು ಎದುರಿನಿಂದ ಓರೆಯಾಗಿ ಬೀಳುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ಮುಕ್ಕಾಲು ದಾರಿ ಮುಗಿಸಿದವರಿಗೆ ತೊಂದರೆಯಿಲ್ಲ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಸೆಕೆಗೆ ನಡುನಡುವೆ ಓ.ಆರ್.ಎಸ್. ಆದರೆ ಇಲ್ಲಿ ಕೊಡಗಿನಲ್ಲಿ ಅಭ್ಯಾಸ ಮಾಡುವಾಗ ಅಷ್ಟು ಬೇಗ ಹೊರಡುವುದು ಬೇಡ. ಸಿದ್ದಾಪುರ, ಅಮ್ಮತ್ತಿ ಕಡೆ, ತಿತಿಮತಿ ರಸ್ತೆಯಲ್ಲಿ ನಸುಕಿನಲ್ಲಿ ಆನೆ ದಾಟುತ್ತವೆ. ಸೈಕಲ್ ಸದ್ದಿಲ್ಲದೆ ಬರುವುದರಿಂದ ಅದಕ್ಕೂ ಗಾಬರಿ, ನಮಗೂ ಗಾಬರಿ. ಚೆನ್ನಾಗಿ ಬೆಳಕು ಹರಿದ ಮೇಲೆ ಸಾಕು.

ಕಾಕ ಕೊನೆಗೂ ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗ ಪ್ರಯಾಣವನ್ನು ಹುತ್ತರಿ ಹಬ್ಬ ಕಳೆದ ಮೇಲಕ್ಕೆ ಹಾಕಿದ್ದಾನೆ. ಗೆಳೆಯನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ, ಕ್ರ್ಯಾಂಕ್ ಒಂದು ಬಿಗಿ ಮಾಡಿದರಾಯಿತಲ್ಲ ಅನ್ನುವುದು ಅವನ ವಾದ.

ವಾಪಸು ರೈಲಿನಲ್ಲಿ ಬರುವ ಯೋಚನೆ ಇದ್ದರೆ ಗೋಕರ್ಣ ರೋಡಿಗಿಂತ ಕಾರವಾರದವರೆಗೆ ತುಳಿದು ಅಲ್ಲಿ ಹತ್ತುವುದು ವಾಸಿ. ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ ಬ್ರೇಕ್ ವ್ಯಾನಿಗೆ (ಸಾಮಾನು ಸಾಗಿಸುವ ಬೋಗಿಗೆ) ಸೈಕಲ್ ಏರಿಸುವುದು ಕಷ್ಟ. ಒಂದೆರಡು ಗಂಟೆ ಮುಂಚೆ ಪಾರ್ಸೆಲ್ ಆಫೀಸಿಗೆ ಹೋಗಿ ಬುಕ್ ಮಾಡಬೇಕು, ಹೆಸರು ಮತ್ತು ಇಳಿಯುವ ಊರನ್ನು ಎರಡು ಕಡೆ ಬರೆದು ಕಟ್ಟಬೇಕು. ಲೈಟು, ಪಂಪು, ಬಾಟಲಿ ಬಿಚ್ಚಿ ಚೀಲಕ್ಕೆ. ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಿ ಕಟ್ಟಿ, ಪೆಡಲ್ ಎರಡೂ ತೆಗೆಯಬೇಕು. 15 ಎಂ.ಎಂ. ಸ್ಪ್ಯಾನರ್, ಎಡಗಡೆಯದಕ್ಕೆ ಥ್ರೆಡ್ ಉಲ್ಟಾ. ಊರಲ್ಲೇ ಒಮ್ಮೆ ಬಿಚ್ಚಿ ಗ್ರೀಸ್ ಹಚ್ಚಿ ಹಾಕಿಟ್ಟಿದ್ದರೆ ಅಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಸುಲಭಕ್ಕೆ ಬರುತ್ತದೆ.