ಸನ್ನಿ ಡನ್ನಿಯಲ್ಲಿ ಒಣಗದ ಸೀರೆ

ಎಡಿನ್‌ಬರೋದ ಮಗಳ ಮನೆಯಿಂದ ಡನ್‌ಬಾರ್‌ಗೆ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಸಮುದ್ರದ ದಂಡೆಯ ಚಿಕ್ಕ ಊರು. ಸ್ಕಾಟ್ಲೆಂಡಿನಲ್ಲಿ ಬಿಸಿಲು ಜಾಸ್ತಿ ಬೀಳುವ ಊರುಗಳಲ್ಲಿ ಇದೂ ಒಂದು, ಅದಕ್ಕೇ ಜನ ಇದನ್ನು 'ಸನ್ನಿ ಡನ್ನಿ' ಅಂತ ಕರೆಯುತ್ತಾರೆ. ನಾನು ರೈಲಿಳಿದಾಗ ಮಳೆ. ತೀರ್ಥಹಳ್ಳಿ ಕಡೆಯವಳು ಅದನ್ನು ಮಳೆ ಅನ್ನಲಿಕ್ಕೂ ನಾಚಬೇಕು, ಇಸ್ತ್ರಿಯವನು ಬಟ್ಟೆಗೆ ನೀರು ಚಿಮುಕಿಸಿದ ಹಾಗೆ. ಅವರು ಅದಕ್ಕೆ 'ಸ್ಮರ್' ಅನ್ನುತ್ತಾರೆ. ನೆನೆದದ್ದಂತೂ ನಿಜ.

ಮೊದಲ ಸಂಜೆಯೇ ಮರ್ಯಾದೆ ಹೋಯಿತು. ಆಲೂಗಡ್ಡೆ, ಈರುಳ್ಳಿ, ಹಾಲು ತಗೊಂಡೆ. ಚೀಲ ಒಯ್ದಿರಲಿಲ್ಲ. 2014ರಿಂದ ಸ್ಕಾಟ್ಲೆಂಡಿನಲ್ಲಿ ಚೀಲಕ್ಕೆ 5 ಪೆನ್ಸ್ ಕಡ್ಡಾಯವಾಗಿತ್ತು, 2021ರಲ್ಲಿ ಅದು 10 ಆಯಿತು. ಪ್ಲಾಸ್ಟಿಕ್ಕಿಗೆ ಮಾತ್ರ ಅಲ್ಲ, ಕಾಗದದ ಚೀಲಕ್ಕೂ ಅಷ್ಟೇ. ಕೊಟ್ಟೆ. ಸ್ಮರ್‌ನಲ್ಲಿ ಹತ್ತು ನಿಮಿಷ ನಡೆಯುವಷ್ಟರಲ್ಲಿ ತಳ ಕಿತ್ತುಹೋಗಿ ಆಲೂಗಡ್ಡೆಗಳೆಲ್ಲ ರಸ್ತೆಯಲ್ಲಿ ಉರುಳಿದವು. ಇಬ್ಬರು ಹುಡುಗರು ಹೆಕ್ಕಿಕೊಟ್ಟರು. ಹೋಗುವವರು ದಯವಿಟ್ಟು ಮದುವೆಮನೆಯ ಒಂದು ತಾಂಬೂಲದ ಚೀಲ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಅಂಥವು ನಲವತ್ತು ಬಿದ್ದಿವೆ, ಒಂದೂ ನನ್ನ ಜೊತೆ ವಿಮಾನ ಹತ್ತಲಿಲ್ಲ!

ಅಮೆರಿಕದ ಯೊಸೆಮಿಟಿ ಕಾಡು ಉಳಿಯಲು ಹೋರಾಡಿದ ಜಾನ್ ಮ್ಯೂರ್ ಹುಟ್ಟಿದ್ದು ಇಲ್ಲೇ, 1838ರಲ್ಲಿ. ಹೈಸ್ಟ್ರೀಟಿನ ಆ ಮನೆ ಈಗ ಮ್ಯೂಸಿಯಂ, ಒಳಗೆ ಹೋಗಲು ದುಡ್ಡಿಲ್ಲ. ಗೋಡೆ ತುಂಬ ಬರಹ, ನನಗೆ ಓದಿ ಸಾಕಾಯಿತು. ಬಂದರಿನ ಪಾಳುಕೋಟೆಯ ಸಂದುಗಳಲ್ಲಿ ಗೂಡು ಕಟ್ಟಿ, ತಮ್ಮ ಹೆಸರನ್ನೇ ಕೂಗುವ ಕಿಟಿವೇಕ್ ಹಕ್ಕಿಗಳೇ ವಾಸಿ. 'ಪರಿಸರದ ಊರು ಅಮ್ಮ' ಅಂತ ಮಗಳು ಕಳಿಸಿದ್ದಳು. ದಂಡೆ ಹಿಡಿದು ಪೂರ್ವಕ್ಕೆ ಹೋದರೆ ಸಿಮೆಂಟ್ ಕಾರ್ಖಾನೆ, ಅದರಾಚೆ ಟಾರ್ನೆಸ್ ಅಣುಸ್ಥಾವರ. ಮಗಳಿಗೆ ಫೋನಿನಲ್ಲಿ ಹೇಳಿದೆ. 'ಅದನ್ನ ನೋಡೋಕೆ ಯಾರು ಹೋಗು ಅಂದ್ರು?' ಅಂದಳು.

ನನ್ನ ಮನಸ್ಸಿನಲ್ಲಿ ಉಳಿದದ್ದು ನಾನಿದ್ದ ಮನೆಯ ಅಡುಗೆಕೋಣೆ. ಮನೆಯೊಡತಿಗೆ ಎಪ್ಪತ್ತು ದಾಟಿದೆ. ನನ್ನನ್ನು 'ಹೆನ್' ಅಂತ ಕರೆಯುತ್ತಿದ್ದರು. ಹೇಂಟೆ ಅನ್ನುತ್ತಿದ್ದಾರಲ್ಲ ಅಂತ ಮೊದಲು ಬೇಜಾರಾಯಿತು. ಅಲ್ಲಿ ಹೆಂಗಸರನ್ನು ಅಕ್ಕರೆಯಿಂದ ಹಾಗೇ ಕರೆಯುತ್ತಾರಂತೆ.

ಎರಡನೇ ದಿನ ನನ್ನ ಹತ್ತಿ ಸೀರೆ ಒಗೆದು, ಎಲ್ಲಿ ಒಣಗಿಸಲಿ ಅಂತ ಕೇಳಿದೆ. ಅವರು ಗೋಡೆಯ ಕೊಕ್ಕೆಗೆ ಸುತ್ತಿದ್ದ ಹಗ್ಗ ಬಿಚ್ಚಿದರು. ಚಾವಣಿಯಿಂದ ನಾಲ್ಕು ಉದ್ದ ಮರದ ಪಟ್ಟಿಗಳು ಮೆಲ್ಲಗೆ ಕೆಳಗಿಳಿದವು! ಬಟ್ಟೆ ಹರವಿ ಹಗ್ಗ ಎಳೆದರೆ ಮತ್ತೆ ಮೇಲೆ. ಅಡುಗೆಯ ಬಿಸಿ ಮೇಲೇ ನಿಲ್ಲುತ್ತದಲ್ಲ, ಬೆಳಗಾಗುವುದರಲ್ಲಿ ಒಣಗುತ್ತದೆ. ಅವರು ಅದಕ್ಕೆ 'ಪುಲ್ಲಿ' ಅನ್ನುತ್ತಾರೆ. ನಮ್ಮ ಬಾವಿಯ ರಾಟೆಯೇ.

'ಎಷ್ಟು ಉದ್ದ ಇದು?' ಅಂತ ಸೀರೆ ಹಿಡಿದು ಕೇಳಿದರು.

'ಐದೂವರೆ ಮೀಟರ್.'

'ಅಯ್ಯೋ, ನನ್ನ ಮನೆಯ ಪರದೆಗೂ ಅಷ್ಟು ಬಟ್ಟೆ ಬೇಕಾಗಿಲ್ಲ.'

ನಾಲ್ಕು ಮಡಿಕೆ ಮಾಡಿದರೂ ಸೆರಗು ಊಟದ ಮೇಜಿನವರೆಗೆ ಇಳಿಬಿತ್ತು. ಅದನ್ನು ಪಕ್ಕಕ್ಕೆ ಸರಿಸುತ್ತಲೇ ಸೂಪ್ ಕುಡಿದೆವು.

'ಪರಿಸರಕ್ಕೆ ಅಂತ ಹೀಗೆ ಮಾಡ್ತೀರಾ?' ಅಂದೆ.

'ಪರಿಸರಾನಾ? ಅಮ್ಮ ಹೀಗೇ ಮಾಡ್ತಿದ್ಲು. ಮಗ ಡ್ರೈಯರ್ ಕೊಡಿಸಿದ್ದಾನೆ, ಶೆಡ್ಡಿನಲ್ಲಿದೆ. ಅದರ ಮೇಲೆ ಬೀಜದ ಆಲೂಗಡ್ಡೆ ಇಟ್ಟಿದ್ದೀನಿ. ಅದು ಕರೆಂಟ್ ತಿನ್ನೋದು ನೋಡಿದ್ದೀರಾ?'

ನೋಡಿದ್ದೆ. ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಫ್ಲ್ಯಾಟಿಗೆ ನಾವೂ ಒಂದು ತಂದಿದ್ದೆವು. ಹೇಳಿಬಿಟ್ಟೆ. ನಮ್ಮ ಕಡೆ ಮಳೆ ಎಷ್ಟು ಅಂತ ಕೇಳಿದರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ. ಡನ್‌ಬಾರ್‌ನಲ್ಲಿ 600ರ ಆಸುಪಾಸು. ಸೊನ್ನೆ ಹೆಚ್ಚಾಗಿದೆ ಅಂತ ನನ್ನನ್ನೇ ತಿದ್ದಲು ಬಂದರು. ಬರೆದು ತೋರಿಸಿದೆ.

'ಹಾಗಾದ್ರೆ ನಿಮಗೆ ಮಾಫಿ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಮತ್ತೆ ನಿಮ್ಮಮ್ಮ ಏನು ಮಾಡ್ತಿದ್ರು?'

ಬಚ್ಚಲ ಒಲೆಯ ಮೇಲೆ ಕಟ್ಟಿದ್ದ ಬಿದಿರ ಗಳ ನೆನಪಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸ್ಕೂಲ್ ಯೂನಿಫಾರ್ಮೆಲ್ಲ ಹೊಗೆ ವಾಸನೆ. ಪೇಟೆ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮನೆಯೊಡತಿಗೆ ಇದನ್ನು ಕೇಳಿ ಖುಷಿಯೋ ಖುಷಿ. ಅವರ ಅಮ್ಮನ ಮನೆಯಲ್ಲಿ ಕಲ್ಲಿದ್ದಲಿನ ಒಲೆಯಂತೆ, ಅಪ್ಪನ ಬಿಳಿ ಅಂಗಿ ಪುಲ್ಲಿಯಿಂದ ಇಳಿಯುವಾಗ ಮಸಿ ಚುಕ್ಕೆ ಕಟ್ಟಿರುತ್ತಿತ್ತಂತೆ. ಹತ್ತು ಗಂಟೆಗೂ ಹೊರಗೆ ಇನ್ನೂ ಬೆಳಕು. ಮಾತಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮರುದಿನ ಏನು ನೋಡಿದೆನೋ ನೆನಪಿಲ್ಲ.

ನಾಲ್ಕನೇ ದಿನ ಬಿಸಿಲು. ಅಕ್ಕಪಕ್ಕದವರು ಗೋಡೆಯ ಮೇಲಿಂದ ಹೇಳಿಕೊಂಡದ್ದು ಒಂದೇ ಮಾತು, 'ಬಟ್ಟೆ ಒಣಗೋಕೆ ಒಳ್ಳೆ ದಿನ.' ಹಿತ್ತಲುಗಳಲ್ಲೆಲ್ಲ ಹಗ್ಗದ ತುಂಬ ಬಟ್ಟೆ. ನನ್ನ ಇನ್ನೊಂದು ಸೀರೆ ಕೊನೆಗೂ ಉದ್ದಕ್ಕೆ ಹರಡಿಕೊಂಡಿತು. ನಾಲ್ಕು ಗಂಟೆಗೆ ಸಮುದ್ರದ ಕಡೆಯಿಂದ ಬೆಳ್ಳಗೆ ಮಂಜು ಎದ್ದಿತು. ಅವರ ಭಾಷೆಯಲ್ಲಿ 'ಹಾರ್'. ನೋಡನೋಡುತ್ತಾ ಬಂದರು ಮಾಯ, ಚರ್ಚಿನ ಗೋಪುರ ಮಾಯ.

'ಬಟ್ಟೆ ತೆಗೀರೇ!' ಅಂತ ಕೂಗಿಬಿಟ್ಟೆ, ಅಮ್ಮ ಕೂಗುತ್ತಿದ್ದ ರಾಗದಲ್ಲೇ. ಆಕೆ ಆಗಲೇ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಹಗ್ಗದ ಆ ತುದಿಯಲ್ಲಿದ್ದರು.