ರಜೆಗೆ ಮನೆಗೆ ಹೋಗುವ ಮಕ್ಕಳು, ಹೋಗದ ಮಕ್ಕಳು

ಮನೆಯವರಿಂದ ದೂರ, ಸಿಬ್ಬಂದಿಯ ಆರೈಕೆಯಲ್ಲಿ ಒಟ್ಟಿಗೆ ಬೆಳೆಯುವ ಗ್ರೂಪ್ ಹೋಮಿನ ಮಕ್ಕಳಿಗೆ ಹಬ್ಬದ ರಜೆ ಐದಾರು ವಾರ ಮೊದಲೇ ಶುರುವಾಗುತ್ತದೆ. ಶಾಲೆಯಲ್ಲಿ ಯಾರೋ ಒಬ್ಬರು ‘ರಜೆಗೆ ಎಲ್ಲಿಗೆ ಹೋಗ್ತೀಯ?’ ಅಂತ ಕೇಳಿಬಿಡುತ್ತಾರೆ. ಆ ಸಂಜೆಯಿಂದ ಊಟ ಅರ್ಧಕ್ಕೆ ನಿಲ್ಲುತ್ತದೆ, ನಿದ್ದೆ ತಡವಾಗುತ್ತದೆ, ಸಣ್ಣ ಮಾತಿಗೂ ಜಗಳ ಹತ್ತುತ್ತದೆ. ಸಿಬ್ಬಂದಿ ಇದನ್ನು ಮೊಂಡಾಟ ಎಂದುಕೊಂಡರೆ ಅಲ್ಲಿಗೇ ರಜೆ ಕೆಟ್ಟಂತೆ. ಮಗುವಿಗೆ ಕಾಡುತ್ತಿರುವುದು ಒಂದೇ ಪ್ರಶ್ನೆ: ನನ್ನನ್ನು ಕರೆದುಕೊಂಡು ಹೋಗಲು ಯಾರಾದರೂ ಬರುತ್ತಾರಾ? ಉತ್ತರ ‘ಇಲ್ಲ’ ಎಂದಾದರೂ ಮಗು ಹೇಗೋ ತಡೆದುಕೊಳ್ಳುತ್ತದೆ. ಉತ್ತರವೇ ಗೊತ್ತಿಲ್ಲದೆ ವಾರಗಟ್ಟಲೆ ಕಾಯುವುದು ಅದಕ್ಕಿಂತ ಕಷ್ಟ.

ಹಾಗಾಗಿ ಮೊದಲ ಕೆಲಸ ಪಟ್ಟಿ. ಹೋಗುವವರು, ಉಳಿಯುವವರು, ಇನ್ನೂ ಖಚಿತವಾಗದವರು ಎಂದು ಮೂರು ಕಾಲಂ ಹಾಕಿ. ಮೊದಲ ಎರಡು ತಾನಾಗಿ ತುಂಬುತ್ತವೆ. ಕೆಲಸವೆಲ್ಲ ಇರುವುದು ಮೂರನೆಯದರಲ್ಲಿ. ಮನೆಯವರನ್ನು ಸಂಪರ್ಕಿಸುವುದು, ಮನೆ ಪರಿಸ್ಥಿತಿ ನೋಡಿ ಬರುವುದು, ಮಗುವಿನ ಹೊಣೆ ಹೊತ್ತಿರುವ ಅಧಿಕಾರಿಗಳಿಂದ ಲಿಖಿತ ಅನುಮತಿ ತರುವುದು ಎಲ್ಲಕ್ಕೂ ಒಂದು ಕೊನೆಯ ದಿನ ಇರಲಿ. ರಜೆಗೆ ಹತ್ತು ದಿನ ಮೊದಲು ಎಂದು ಇಟ್ಟುಕೊಳ್ಳಬಹುದು. ಆ ದಿನದೊಳಗೆ ಒಪ್ಪಿಗೆ ಬರದಿದ್ದರೆ ಮಗು ಉಳಿಯುತ್ತದೆ ಎಂದೇ ತಿಳಿದು ತಯಾರಿ ಮಾಡಿ. ಆಮೇಲೆ ಒಪ್ಪಿಗೆ ಬಂದರೆ ಒಳ್ಳೆಯದೇ ಆಯಿತು. ‘ನೋಡೋಣ, ನೋಡೋಣ’ ಎನ್ನುತ್ತಾ ಹಿಂದಿನ ರಾತ್ರಿಯವರೆಗೂ ಎಳೆಯುವುದು ಮಾತ್ರ ಬೇಡವೇ ಬೇಡ.

ಉಳಿಯಬೇಕು ಎಂಬ ಸುದ್ದಿಯನ್ನು ಮಗುವಿಗೆ ಹತ್ತಿರವಾದವರೇ ಹೇಳಬೇಕು. ಬೇರೆ ಮಕ್ಕಳ ಎದುರಿಗೆ ಬೇಡ, ಮಲಗುವ ಹೊತ್ತಿಗಂತೂ ಬೇಡ. ಮಧ್ಯಾಹ್ನ ಊಟವಾದ ಮೇಲೆ ಹೇಳಿದರೆ, ಅತ್ತು ಸಮಾಧಾನವಾಗುವಷ್ಟು ಹೊತ್ತು ದಿನದಲ್ಲಿ ಉಳಿದಿರುತ್ತದೆ. ಕೌನ್ಸೆಲರ್ ರಜೆಯಲ್ಲಿರುವ ದಿನದ ಹಿಂದಿನ ಸಂಜೆ ಹೇಳಿದರೆ ಆ ರಾತ್ರಿಯನ್ನು ನೈಟ್ ಶಿಫ್ಟಿನವರು ಒಬ್ಬರೇ ನಿಭಾಯಿಸಬೇಕಾಗುತ್ತದೆ. ಹೇಳುವಾಗ ಕಾರಣವನ್ನು ಮಗುವಿನ ವಯಸ್ಸಿಗೆ ತಕ್ಕಂತೆ, ಆದರೆ ನಿಜವಾದದ್ದನ್ನೇ ಹೇಳಿ. ‘ಅಪ್ಪನಿಗೆ ಕೆಲಸ ಇದೆಯಂತೆ’ ಎಂಬ ಸುಳ್ಳು ಮುಂದಿನ ಫೋನಿನಲ್ಲೇ ಬಯಲಾಗುತ್ತದೆ. ಆಮೇಲೆ ನೀವು ಹೇಳುವ ಯಾವ ಮಾತನ್ನೂ ಮಗು ನಂಬುವುದಿಲ್ಲ.

ಬರುತ್ತೇನೆ ಎಂದವರೂ ಕೆಲವೊಮ್ಮೆ ಬರುವುದಿಲ್ಲ. ಬೆಳಗ್ಗೆಯೇ ಎದ್ದು, ಸ್ನಾನ ಮಾಡಿ, ಶೂ ಲೇಸು ಕಟ್ಟಿ, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಗೇಟಿನ ಕಡೆ ಮುಖ ಮಾಡಿ ಕೂತ ಮಗುವನ್ನು ನೋಡಿದವರಿಗೆ ಇದರ ಭಾರ ಗೊತ್ತು. ಹನ್ನೊಂದು ಗಂಟೆ ಹನ್ನೆರಡಾಗುತ್ತದೆ, ಒಂದಾಗುತ್ತದೆ, ಮಗು ನೀರು ಕುಡಿಯಲೂ ಏಳುವುದಿಲ್ಲ. ಇದನ್ನು ಪೂರ್ತಿ ತಪ್ಪಿಸಲು ಆಗದಿದ್ದರೂ ಸ್ವಲ್ಪ ಹಗುರ ಮಾಡಬಹುದು. ಹಿಂದಿನ ಸಂಜೆ ಒಮ್ಮೆ, ಹೊರಡುವ ಹೊತ್ತಿಗೆ ಇನ್ನೊಮ್ಮೆ ಮನೆಯವರಿಗೆ ಫೋನ್ ಮಾಡಿ. ಅವರು ದಾರಿಯಲ್ಲಿದ್ದಾರೆ ಎಂದು ಖಾತ್ರಿಯಾಗುವವರೆಗೆ ಬ್ಯಾಗ್ ಕೋಣೆಯಲ್ಲೇ ಇರಲಿ. ‘ಅಮ್ಮ ಬರ್ತಾರೆ’ ಎನ್ನುವ ಬದಲು ‘ಅಮ್ಮ ಬರ್ತೀನಿ ಅಂದಿದ್ದಾರೆ. ಬಂದರೆ ಹನ್ನೊಂದಕ್ಕೆ. ಬರದಿದ್ದರೆ ಮಧ್ಯಾಹ್ನ ನಾವಿಬ್ಬರೂ ಸೈಕಲ್ ತಗೊಂಡು ಹೋಗೋಣ’ ಎಂದು ಮೊದಲೇ ಹೇಳಿ. ಹೇಳಿದ ಸಮಯ ದಾಟಿ ಒಂದು ಗಂಟೆಯಾದರೆ ಯಾರಾದರೂ ಹೋಗಿ ಮಗುವಿನ ಪಕ್ಕ ಕೂರಬೇಕು. ತಾಯಿಯನ್ನು ಬೈಯುವುದೂ ಬೇಡ, ಅವರ ಪರ ವಕಾಲತ್ತೂ ಬೇಡ. ‘ನಿನಗೆ ತುಂಬಾ ಬೇಜಾರಾಗಿದೆ ಅಲ್ವಾ’ ಎಂದಷ್ಟೇ ಹೇಳಿದರೂ ಸಾಕು. ಹೇಳಿದ ಸೈಕಲ್ ಸವಾರಿಯನ್ನು ಮಾತ್ರ ತಪ್ಪಿಸಬೇಡಿ.

ಹೋಗುವ ಮಕ್ಕಳ ಬ್ಯಾಗಿನಲ್ಲಿ ಬಟ್ಟೆಗಿಂತ ಮುಖ್ಯವಾದದ್ದು ಔಷಧಿ. ಮನೆಯಲ್ಲಿರುವಷ್ಟು ದಿನಕ್ಕೆ ಬೇಕಾದದ್ದು, ಜೊತೆಗೆ ಎರಡು ದಿನಕ್ಕೆ ಹೆಚ್ಚುವರಿ ಇರಲಿ, ಏಕೆಂದರೆ ವಾಪಸು ಬರುವುದು ತಡವಾಗುವುದೇ ಹೆಚ್ಚು. ರಜೆಯಲ್ಲಿ ಔಷಧಿ ಅಂಗಡಿಗಳು ಮುಚ್ಚಿರಬಹುದು, ಬರೆದುಕೊಡುವ ಡಾಕ್ಟರೂ ಸಿಗದಿರಬಹುದು. ಅದಕ್ಕೇ ಕನಿಷ್ಠ ಒಂದು ವಾರ ಮೊದಲು ತರಿಸಿಡಿ. ಮಾತ್ರೆಗಳನ್ನು ಬಿಡಿಬಿಡಿಯಾಗಿ ಕವರಿಗೆ ಹಾಕದೆ ಲೇಬಲ್ ಇರುವ ಡಬ್ಬಿ ಅಥವಾ ಸ್ಟ್ರಿಪ್‌ನಲ್ಲೇ ಕಳಿಸಿ. ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ ಎಂದು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಮನೆಯವರ ಎದುರಿಗೇ ಎಣಿಸಿ, ಸಹಿ ಹಾಕಿಸಿ. ಅವರಿಗೆ ಓದು ಬಾರದಿದ್ದರೆ ಸೂರ್ಯ, ಚಂದ್ರನ ಚಿತ್ರ ಬರೆದು ಬೆಳಗ್ಗೆ, ರಾತ್ರಿ ಎಂದು ತೋರಿಸಿ. ‘ಈಗ ಚೆನ್ನಾಗೇ ಇದ್ದಾನಲ್ಲ’ ಎಂದು ಮನೆಯಲ್ಲಿ ಮಾತ್ರೆ ನಿಲ್ಲಿಸಿಬಿಡುವುದು ಮೇಲಿಂದ ಮೇಲೆ ಆಗುವ ತಪ್ಪು. ಮೂರ್ಛೆ ರೋಗದ ಔಷಧಿ ಥಟ್ಟನೆ ನಿಂತರೆ ಫಿಟ್ಸ್ ಮರಳಬಹುದು. ಮನಸ್ಸಿನ ಕಾಯಿಲೆಗೆ ಕೊಡುವ ಹಲವು ಔಷಧಿಗಳನ್ನು ಹಠಾತ್ತಾಗಿ ಬಿಟ್ಟರೆ ನಿದ್ದೆಗೇಡು, ವಾಕರಿಕೆ, ಚಡಪಡಿಕೆ ಶುರುವಾಗಬಹುದು. ಇದನ್ನು ಕಾರಣ ಸಮೇತ ಹೇಳಬೇಕು. ಬರೀ ‘ಮರೆಯದೆ ಕೊಡಿ’ ಎಂದರೆ ಯಾರ ತಲೆಗೂ ಹೋಗುವುದಿಲ್ಲ.

ಇನ್ನೊಂದು ವಿಷಯ ಮಗುವಿಗೂ ಸಿಬ್ಬಂದಿಗೂ ಮಾತ್ರ ಗೊತ್ತಿರಬೇಕು. ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ, ಮಗ್ಗುಲಲ್ಲಿ ಯಾರಿದ್ದರೂ ಫೋನಿನಲ್ಲಿ ಹೇಳಬಹುದಾದ ಒಂದು ಸಾದಾ ವಾಕ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಉದಾಹರಣೆಗೆ, ‘ನನ್ನ ನೀಲಿ ನೋಟ್‌ಬುಕ್ ಅಲ್ಲೇ ಇದೆಯಾ?’ ಅದರ ಅರ್ಥ, ನನ್ನನ್ನು ಕರೆದುಕೊಂಡು ಹೋಗಿ. ಆ ವಾಕ್ಯ, ಶಿಫ್ಟ್ ಬದಲಾಗುವಾಗ ಮುಂದಿನವರಿಗಾಗಿ ಬರೆದಿಡುವ ಹ್ಯಾಂಡೋವರ್ ಪುಸ್ತಕದಲ್ಲಿ ಇರಲೇಬೇಕು. ಇಲ್ಲದಿದ್ದರೆ ಫೋನ್ ಎತ್ತಿದ ಹೊಸಬರು ನಿಜವಾಗಿಯೂ ನೋಟ್‌ಬುಕ್ ಹುಡುಕಲು ಹೋಗುತ್ತಾರೆ. ಹೋಮಿನ ನಂಬರನ್ನು ಮೊಬೈಲಿನಲ್ಲಿ ಸೇವ್ ಮಾಡಿಕೊಟ್ಟರೆ ಸಾಲದು. ಚೀಟಿಯಲ್ಲಿ ಬರೆದು ಬ್ಯಾಗಿನ ಒಳಜೇಬಿನಲ್ಲಿಡಿ, ವಾಪಸು ಬರುವ ಖರ್ಚಿನ ಹಣವನ್ನೂ ಅಲ್ಲೇ ಇಡಿ.

ಉಳಿದ ಮಕ್ಕಳ ವಿಷಯಕ್ಕೆ ಬಂದರೆ, ರಜೆಯಲ್ಲಿ ಅವರಿಗೆ ಎದುರಾಗುವ ದೊಡ್ಡ ತೊಂದರೆ ಒಳ್ಳೆಯ ಮನಸ್ಸಿನ ಅತಿಥಿಗಳು. ವರ್ಷವಿಡೀ ಯಾರೂ ಬರದ ಹೋಮಿಗೆ ಒಂದೇ ವಾರದಲ್ಲಿ ಹತ್ತು ಗುಂಪು ಬರುತ್ತದೆ. ಪ್ರತಿ ಗುಂಪಿನ ಮುಂದೂ ಮಕ್ಕಳು ಸಾಲಾಗಿ ನಿಂತು, ಹಾಡಿ, ಥ್ಯಾಂಕ್ಸ್ ಹೇಳಿ, ಫೋಟೋಗೆ ನಗಬೇಕು. ಇದು ಮಕ್ಕಳಿಗೆ ಕೂಲಿ ಮಾಡಿದಂತೆಯೇ. ದಿನಕ್ಕೆ ಒಂದೇ ಗುಂಪು, ಹೆಚ್ಚೆಂದರೆ ಎರಡು ಗಂಟೆ ಎಂದು ಕಟ್ಟುನಿಟ್ಟು ಮಾಡಿ. ಉಳಿದ ಗುಂಪುಗಳಿಗೆ ‘ಒಂದೂವರೆ ತಿಂಗಳು ಬಿಟ್ಟು ಬನ್ನಿ, ಆಗ ಯಾರೂ ಇರುವುದಿಲ್ಲ’ ಎಂದು ಹೇಳಿ. ಬಹಳಷ್ಟು ಜನ ಒಪ್ಪುತ್ತಾರೆ. ಒಂದು ಮಧ್ಯಾಹ್ನ ತೊಡೆಯ ಮೇಲೆ ಕೂರಿಸಿಕೊಂಡು ಮುದ್ದಾಡಿ ಮತ್ತೆಂದೂ ಬಾರದವರಿಂದ, ಈಗಾಗಲೇ ಹಲವರನ್ನು ಕಳೆದುಕೊಂಡ ಮಗು ಇನ್ನೊಬ್ಬರನ್ನು ಕಳೆದುಕೊಂಡಂತಾಗುತ್ತದೆ. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯವೂ ಅನಾಥಾಲಯಗಳಿಗೆ ಪ್ರವಾಸಿಗರು, ಸ್ವಯಂಸೇವಕರು ಹೋಗಿಬರುವುದರಿಂದ ಆಗುವ ಹಾನಿಯನ್ನು ತಡೆಯಬೇಕು ಎಂದಿದೆ.

ಫೋಟೋ ಬೇಡ ಎಂದರೆ ಬೇಡ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನವನ್ನು ಕಾಯುತ್ತದೆ. ಮುಖ ಮಸುಕು ಮಾಡಿದರೂ ಯೂನಿಫಾರ್ಮಿನ ಬ್ಯಾಡ್ಜು, ಹಿಂದಿನ ಬೋರ್ಡು, ಫೋಟೋ ಫೈಲಿನೊಳಗೆ ಸೇರಿಕೊಂಡ ಲೊಕೇಶನ್ ಮಗುವಿರುವ ಜಾಗ ಹೇಳಿಬಿಡುತ್ತವೆ. ಹೊಡೆದ ಮನೆಯವರಿಂದ ತಪ್ಪಿಸಿಕೊಂಡು ಬಂದ ಮಗುವಿಗೆ ಇದು ಜೀವದ ಪ್ರಶ್ನೆ.

ದಾನಿಗಳು ತರುವ ಊಟಕ್ಕೂ ಲೆಕ್ಕ ಇದೆ. ಬೇಯಿಸಿದ ಆಹಾರ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಫ್ರಿಜ್‌ನಲ್ಲಾದರೆ 5 ಡಿಗ್ರಿಗಿಂತ ಕೆಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಮಾರಂಭದಲ್ಲಿ ಮಿಕ್ಕಿ ರಾತ್ರಿ ಹತ್ತಕ್ಕೆ ಬಾಗಿಲಿಗೆ ಬರುವ ಪಾತ್ರೆಗಳು ಈ ಲೆಕ್ಕವನ್ನು ಯಾವಾಗಲೋ ದಾಟಿರುತ್ತವೆ. ಬೇಯಿಸಿದ ಹೊತ್ತು ಕೇಳಿ. ಹೇಳಲಾಗದಿದ್ದರೆ ಕೈಮುಗಿದು ವಾಪಸು ಕಳಿಸಿ. ಉಡುಗೊರೆಗೆ ಮಕ್ಕಳ ಹೆಸರು ಕೊಡಬೇಡಿ, ವಯಸ್ಸು, ಬಟ್ಟೆ ಅಳತೆ, ಏನು ಇಷ್ಟ ಎಂಬುದು ಗೊತ್ತಾದರೆ ಸಾಕು. ನಾಲ್ಕೈದು ಹೆಚ್ಚಿಗೆ ತೆಗೆದಿಡಿ. ಹಬ್ಬದ ಹಿಂದಿನ ರಾತ್ರಿ ಹೊಸ ಮಗು ಸೇರುವುದುಂಟು, ಬೆಳಗ್ಗೆ ಅದೊಂದೇ ಬರಿಗೈಯಲ್ಲಿ ಕೂರಬಾರದು.

ಹಬ್ಬದ ದಿನ ಏಳುವ ಹೊತ್ತು, ಊಟದ ಹೊತ್ತು ಎಂದಿನಂತೆಯೇ ಇರಲಿ. ಮಲಗುವುದು ಒಂದು ಗಂಟೆ ತಡವಾದರೆ ಪರವಾಗಿಲ್ಲ. ಕೆಲವು ಮಕ್ಕಳ ಮನೆಯಲ್ಲಿ ಹಬ್ಬ ಎಂದರೆ ಕುಡಿತ, ಹೊಡೆತ. ಜೋರು ಸದ್ದು, ಒಂದು ವಾಸನೆ, ನೆಂಟರ ಗುಂಪು ಸಾಕು, ಮಗು ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಸದ್ದಿಲ್ಲದ ಒಂದು ಕೋಣೆಯನ್ನು ತೆರೆದಿಡಿ, ಹಬ್ಬಕ್ಕೆ ಬರಲು ಒಲ್ಲೆ ಎಂದವರನ್ನು ಎಳೆಯಬೇಡಿ. ಬೇರೆ ನಂಬಿಕೆಯ ಮಕ್ಕಳಿಗೂ ಇದೇ ಮಾತು.

ಫೋನಿನ ಸಮಯವನ್ನು ಲೆಕ್ಕ ಹಾಕಿಯೇ ಹಂಚಬೇಕು. ಹನ್ನೆರಡು ಮಕ್ಕಳಿಗೆ ತಲಾ ಹದಿನೈದು ನಿಮಿಷ ಎಂದರೆ ಮೂರು ಗಂಟೆ. ಒಂದೇ ಫೋನಿದ್ದರೆ ಒಂದೇ ಸಂಜೆಗೆ ಮುಗಿಯುವುದಿಲ್ಲ, ಕೊನೆಯವರ ಸರದಿ ಬರುವಷ್ಟರಲ್ಲಿ ಆ ಕಡೆ ಎಲ್ಲರೂ ಮಲಗಿರುತ್ತಾರೆ. ಎರಡು ದಿನಕ್ಕೆ ಹಂಚಿ, ಸರದಿಯನ್ನು ಗೋಡೆಗೆ ಅಂಟಿಸಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಬೇರೆ ಹೋಮಿನಲ್ಲಿದ್ದರೆ ಅವರ ಫೋನೂ ಈ ಪಟ್ಟಿಯಲ್ಲಿರಬೇಕು. ಫೋನ್ ಇಟ್ಟ ಮೇಲಿನ ಅರ್ಧ ಗಂಟೆ ಯಾರಾದರೂ ಮಗುವಿನ ಹತ್ತಿರ ಸುಮ್ಮನೆ ಓಡಾಡಿಕೊಂಡಿರಲಿ. ಓಡಿಹೋಗುವ ಯೋಚನೆ ಬರುವುದು ಆಗಲೇ.

ಇಷ್ಟೆಲ್ಲ ಮಾಡಲು ಮಕ್ಕಳಿಗೆ ಪರಿಚಯದ ಮುಖಗಳು ಬೇಕು. ಹಳೆಯ ಸಿಬ್ಬಂದಿಯೆಲ್ಲ ಒಟ್ಟಿಗೆ ರಜೆ ಹಾಕಿ, ಬದಲಿಗೆ ಬಂದವರಿಗೆ ಮಕ್ಕಳ ಹೆಸರೂ ಗೊತ್ತಿಲ್ಲದ ವಾರದಲ್ಲೇ ಅನಾಹುತಗಳಾಗುತ್ತವೆ. ಪ್ರತಿ ಶಿಫ್ಟಿನಲ್ಲಿ ಮಕ್ಕಳಿಗೆ ಗೊತ್ತಿರುವ ಒಬ್ಬರಾದರೂ ಇರಲಿ, ಹೊಸಬರಿಗೆ ಒಂಟಿ ನೈಟ್ ಡ್ಯೂಟಿ ಬೇಡ. ಈ ಹಬ್ಬಕ್ಕೆ ದುಡಿದವರಿಗೆ ಮುಂದಿನ ಹಬ್ಬಕ್ಕೆ ರಜೆ ಎಂದು ಡ್ಯೂಟಿ ಚಾರ್ಟಿನಲ್ಲೇ ಬರೆದು ತೋರಿಸಿ. ಅವರ ಮನೆಯಲ್ಲೂ ಮಕ್ಕಳು ಕಾಯುತ್ತಿರುತ್ತಾರೆ.

ಹದಿನೆಂಟು ತುಂಬಿ ಹೊರಗೆ ಹೋದವರನ್ನು ಮರೆಯಬೇಡಿ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕೂತಿರುವ ಅವರಿಗೆ ‘ಬಾ, ಊಟಕ್ಕೆ ಬಾ’ ಎಂದು ಒಂದು ಫೋನ್ ಬೇಕು. ತಾವಾಗಿ ಕೇಳಿಕೊಂಡು ಬರಲು ಅವರಿಗೆ ಸಂಕೋಚ.

ವಾಪಸು ಬರುವುದು ಶಾಲೆ ಶುರುವಾಗುವ ಹಿಂದಿನ ರಾತ್ರಿ ಆಗಬಾರದು, ನಡುವೆ ಒಂದು ಪೂರ್ತಿ ದಿನ ಬಿಡುವಿರಲಿ. ಬಂದ ಮೊದಲ ಕೆಲವು ದಿನ ಹಾಸಿಗೆ ಒದ್ದೆಯಾಗಬಹುದು, ಊಟ ಬಚ್ಚಿಡಬಹುದು, ಕಾರಣವಿಲ್ಲದೆ ಕೈ ಎತ್ತಬಹುದು. ಹೋಗದೆ ಉಳಿದವರ ಎದುರು ಮನೆಯ ಸುದ್ದಿಯನ್ನು ಹಿಗ್ಗಿಸಿ ಹೇಳುವುದೂ ಉಂಟು, ಅಲ್ಲಿ ಕಂಡದ್ದನ್ನು ಪೂರ್ತಿ ಮುಚ್ಚಿಡುವುದೂ ಉಂಟು. ಮಾತ್ರೆ ಎಣಿಸಿ, ಗಾಯ ಗಿಯ ಇದೆಯೇ ಎಂದು ಗಮನಿಸಿ, ಅಂಥದ್ದೇನಾದರೂ ಕಂಡರೆ ತಡಮಾಡದೆ ಸಂಬಂಧಪಟ್ಟವರಿಗೆ ತಿಳಿಸಿ. ಏನೂ ಇಲ್ಲದಿದ್ದರೆ ಆ ರಾತ್ರಿ ಪ್ರಶ್ನೆಗಳ ಮಳೆ ಸುರಿಸಬೇಡಿ. ಬ್ಯಾಗನ್ನು ಮಗುವೇ ಬಿಚ್ಚಲಿ. ಒಳಗಿನ ಬಟ್ಟೆಯನ್ನು ಹಾಗೇ ಎತ್ತಿ ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಅದರಲ್ಲಿ ಇನ್ನೂ ಮನೆಯ ವಾಸನೆ ಇರುತ್ತದೆ. ‘ಒಗೆಯಲಾ?’ ಎಂದು ಕೇಳಿ. ಬೇಡ ಎಂದರೆ ಒಂದು ಕವರಿನಲ್ಲಿ ಕಟ್ಟಿ ಅವರ ಕಪಾಟಿನಲ್ಲೇ ಇಟ್ಟುಬಿಡಿ.